ಗುಡ್ಡೆಯಿಂದ ಶಾಲೆಗೆ ಒಂದು ಕಾಲುದಾರಿ: ಅರ್ಜಿಯಿಂದ ಕಾಂಕ್ರೀಟಿನವರೆಗೆ

ಕೇರಳದ ಕಾಸರಗೋಡು ಜಿಲ್ಲೆಯ ಉಪ್ಪಳ ಮತ್ತು ಕುಂಬಳೆಯ ನಡುವೆ, ರಾಷ್ಟ್ರೀಯ ಹೆದ್ದಾರಿ 66ರ ಮೂಡು ಬದಿಯ ಗುಡ್ಡೆಯೊಂದರಲ್ಲಿ ನಮ್ಮ ವಸತಿ ಪ್ರದೇಶವಿದೆ. ಅಲ್ಲಿಂದ ಗುಡ್ಡೆಯ ಬುಡದ ಶಾಲೆ, ಅಂಗನವಾಡಿ ಮತ್ತು ಹೆದ್ದಾರಿಯ ಅಂಡರ್‌ಪಾಸಿನವರೆಗೆ ನಡೆದುಕೊಂಡೋ ಸೈಕಲಿನಲ್ಲೋ ಹೋಗಬಹುದಾದ ದಾರಿಯ ಕೆಲಸ, ಬಯಲಿನ ಒಂದು ತುಂಡನ್ನು ಬಿಟ್ಟರೆ, ಈ ಮಾರ್ಚಿನಲ್ಲಿ ಮುಗಿಯಿತು. ನಿವಾಸಿಗಳ ಸಂಘದ ಕಾರ್ಯದರ್ಶಿಯಾದ್ದರಿಂದ ಇದಕ್ಕೆ ಸಂಬಂಧಿಸಿದ ಬಹುತೇಕ ಎಲ್ಲ ಕಾಗದಪತ್ರಗಳೂ ನನ್ನ ಕೈ ದಾಟಿಯೇ ಹೋಗಿವೆ. ಪಕ್ಕದ ಎರಡು ಪ್ರದೇಶಗಳವರು ತಮ್ಮಲ್ಲಿಯೂ ಇಂಥದ್ದೇ ದಾರಿ ಆಗಬೇಕೆಂದು ವಿಚಾರಿಸಲು ಬಂದಾಗ, ಯಾವ ಕಾಗದ ಮೊದಲು, ಯಾವುದು ಆಮೇಲೆ, ಎಲ್ಲಿ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ ಎಂಬುದನ್ನು ಯಾರೂ ನಮಗೆ ಹೇಳಿರಲಿಲ್ಲವಲ್ಲ ಎಂದು ನೆನಪಾಗಿ ಇದನ್ನು ಬರೆಯುತ್ತಿದ್ದೇನೆ.

ಮೂವತ್ತು ವರ್ಷಗಳ ಹಿಂದೆ ಇಲ್ಲಿ ನಡೆದು ಹೋಗುವವರಿಗೆ ದಾರಿಯ ಕೊರತೆ ಇರಲಿಲ್ಲ. ಗುಡ್ಡೆಯಿಂದ ಓಣಿಯಲ್ಲಿ ಇಳಿದು, ತೋಟದ ಬೇಲಿಯ ತಡಮೆ ದಾಟಿ, ಅಡಿಕೆ ಮರದ ಸಂಕದಲ್ಲಿ ತೋಡು (ಹಳ್ಳ) ದಾಟಿ, ಗದ್ದೆಯ ಕಟ್ಟಪುಣಿಯಲ್ಲಿ, ಅಂದರೆ ಬದುವಿನ ಮೇಲೆ, ನಡೆದರೆ ಶಾಲೆ ಬರುತ್ತಿತ್ತು. ಅದು ಯಾರ ಜಾಗ ಎಂದು ಕೇಳುವವರಿರಲಿಲ್ಲ, ಬೇಡ ಎನ್ನುವವರೂ ಇರಲಿಲ್ಲ. ಜಾಗಗಳು ಹತ್ತು ಸೆಂಟ್ಸ್, ಹದಿನೈದು ಸೆಂಟ್ಸ್‌ಗಳಾಗಿ ತುಂಡಾಗಿ ಮಾರಾಟವಾದಂತೆ ಪ್ರತಿಯೊಂದು ತುಂಡಿನ ಸುತ್ತ ಕೆಂಪುಕಲ್ಲಿನ ಆವರಣ ಗೋಡೆ ಎದ್ದಿತು; ಓಣಿ ಅರ್ಧಕ್ಕೆ ನಿಂತಿತು, ಸಂಕ ಕೊಳೆತುಹೋಯಿತು. ಉಳಿದದ್ದು ಗುಡ್ಡೆಗೆ ಸುತ್ತು ಹಾಕಿ ಇಳಿಯುವ ಮೋಟಾರು ರಸ್ತೆ ಮಾತ್ರ, ಅದರ ಬದಿಯಲ್ಲಿ ನಡೆಯುವವರಿಗೆ ಒಂದು ಅಡಿ ಜಾಗವೂ ಇಲ್ಲ. ತಲಪಾಡಿಯಿಂದ ಚೆಂಗಳದವರೆಗೆ ಹೆದ್ದಾರಿ ಆರು ಪಥವಾದ ಮೇಲೆ ಎಲ್ಲಿ ಬೇಕೆಂದರಲ್ಲಿ ದಾಟುವುದು ಸಾಧ್ಯವಿಲ್ಲದೆ, ಆಚೆ ಬದಿಗೆ ಹೋಗಬೇಕಾದವರೆಲ್ಲ ಸರ್ವಿಸ್ ರಸ್ತೆಯಲ್ಲಿ ಅಂಡರ್‌ಪಾಸಿನವರೆಗೆ ನಡೆಯಬೇಕಾಯಿತು. ಶಾಲೆ ಕೂಗಳತೆಯಲ್ಲಿದ್ದರೂ ಮಕ್ಕಳು ಆಟೋದಲ್ಲಿ ಹೋಗುತ್ತಿದ್ದರು, ವಯಸ್ಸಾದವರು ಮನೆಯ ಜಗಲಿಯಲ್ಲೇ ಉಳಿದಿದ್ದರು. ಇದು ನಮ್ಮಲ್ಲಿ ಅನೇಕರನ್ನು ಬಹಳ ಕಾಲದಿಂದ ಬಾಧಿಸುತ್ತಿದ್ದ ಸಂಗತಿ.

ನಮ್ಮ ಸಂಘ 1860ರ ಸೊಸೈಟಿ ನೋಂದಣಿ ಕಾಯ್ದೆಯಂತೆ ಮೊದಲೇ ನೋಂದಾವಣೆಯಾಗಿದ್ದುದು ದೊಡ್ಡ ಅನುಕೂಲವಾಯಿತು. ನೋಂದಾವಣೆ ಇಲ್ಲದಿದ್ದರೆ ಮೊದಲು ಅದನ್ನು ಮಾಡಿಕೊಳ್ಳಿ. ಸಂಘದ ಹೆಸರಿನಲ್ಲಿ ಬ್ಯಾಂಕ್ ಖಾತೆ, ಠರಾವು ಪುಸ್ತಕ ಮತ್ತು ಮೊಹರು ಇದ್ದರೆ ಅರ್ಜಿ ಕೊಟ್ಟವರು ಯಾರು ಎಂಬ ಪ್ರಶ್ನೆಯೇ ಬರುವುದಿಲ್ಲ.

ನಾವು ಮಾಡಿದ ಮೊದಲ ಕೆಲಸ ನಡೆದು ನೋಡಿದ್ದು. ಒಂದು ಭಾನುವಾರ ಬೆಳಿಗ್ಗೆ ಶಾಲೆಯ ಮಕ್ಕಳು, ಕುಟುಂಬಶ್ರೀ ಮಹಿಳಾ ಸ್ವಸಹಾಯ ಸಂಘದ ಅಕ್ಕಂದಿರು, ಕೋಲು ಹಿಡಿದು ನಡೆಯುವ ನಿವೃತ್ತ ಮಾಷ್ಟ್ರು, ಅಪಘಾತದ ನಂತರ ಗಾಲಿಕುರ್ಚಿ ಬಳಸುತ್ತಿರುವ ನಮ್ಮ ಪಕ್ಕದ ಮನೆಯ ಯುವಕ, ಎಲ್ಲರೂ ಸೇರಿ ಹಳೆಯ ದಾರಿ ಇದ್ದಲ್ಲೆಲ್ಲ ಹೋದೆವು. ಯಾವ ಗೋಡೆಯ ಸಂದಿನಲ್ಲಿ ಈಗಲೂ ನುಸುಳಬಹುದು, ಎಲ್ಲಿ ನಾಯಿಗಳ ಕಾಟವಿದೆ, ಯಾವ ತಿರುವಿನಲ್ಲಿ ಎದುರಿನ ಸ್ಕೂಟರ್ ಕಾಣುವುದಿಲ್ಲ ಎಂಬುದನ್ನು ಮಕ್ಕಳಷ್ಟು ಸರಿಯಾಗಿ ಯಾರೂ ಹೇಳಲಿಲ್ಲ. ಗಾಲಿಕುರ್ಚಿ ಎಲ್ಲಿ ನಿಂತಿತೋ ಅಲ್ಲೆಲ್ಲ ಸುಣ್ಣದಲ್ಲಿ ಗುರುತು ಹಾಕಿದೆವು; ಮುಂದೆ ಇಂಜಿನಿಯರರೊಂದಿಗೆ ಮಾತನಾಡುವಾಗ ಆ ಗುರುತುಗಳೇ ನಮ್ಮ ಆಧಾರವಾದವು. ಇದನ್ನು ಬೇಸಿಗೆಯಲ್ಲಿ ಒಮ್ಮೆ ಮಾಡಿದರೆ ಸಾಲದು, ಮಳೆ ಸುರಿಯುವ ಆಟಿ ತಿಂಗಳಲ್ಲಿಯೂ ಒಮ್ಮೆ ನಡೆಯಬೇಕು. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರಿನ ಒಳಗೇ ಸುರಿಯುವ ಈ ಜಿಲ್ಲೆಯಲ್ಲಿ ಫೆಬ್ರವರಿಯ ದಾರಿ ಜುಲೈಯಲ್ಲಿ ತೋಡಾಗಿರುತ್ತದೆ.

ಆಮೇಲೆ ವಿಲೇಜ್ ಆಫೀಸಿನ ಸರದಿ. ದಾರಿ ಹಾದುಹೋಗುವ ಪ್ರತಿಯೊಂದು ರೀಸರ್ವೆ ನಂಬರನ್ನೂ ಬರೆದುಕೊಂಡು, ಅದರ ನಕಾಶೆಯ ಪ್ರತಿಗೆ ಅರ್ಜಿ ಹಾಕಿದೆವು. ನಕಾಶೆ ಕೈಗೆ ಬಂದಾಗ ತಿಳಿದದ್ದೇನೆಂದರೆ, ನಮ್ಮ ದಾರಿ ಒಂದೇ ದಾರಿಯಲ್ಲ: ಮೇಲಿನ ಓಣಿ ಪುರಂಬೋಕು (ಸರ್ಕಾರಿ ಜಾಗ), ನಡುವಿನ ಭಾಗ ಖಾಸಗಿಯವರ ಹಿತ್ತಿಲು, ಅದರ ಕೆಳಗೆ ತೋಡಿನ ಬದು, ಕೊನೆಗೆ ಗದ್ದೆ. ನಾಲ್ಕಕ್ಕೂ ನಾಲ್ಕು ಬಗೆಯ ಕಾನೂನು. ಕೇರಳ ಪಂಚಾಯತ್‌ರಾಜ್ ಕಾಯ್ದೆಯ 169ನೇ ಸೆಕ್ಷನಿನಂತೆ ಸಾರ್ವಜನಿಕ ದಾರಿಗಳೂ 218ನೇ ಸೆಕ್ಷನಿನಂತೆ ತೋಡು, ಕೆರೆ ಮೊದಲಾದ ಜಲಮೂಲಗಳೂ ಗ್ರಾಮ ಪಂಚಾಯತಿನ ಅಧೀನದಲ್ಲಿರುತ್ತವೆ. ಆದರೆ ಪಂಚಾಯತಿನ ಆಸ್ತಿ ರಿಜಿಸ್ಟರಿನಲ್ಲಿ ನಮೂದಾಗದ ದಾರಿಗೆ ಪಂಚಾಯತಿನ ಯೋಜನೆಯ ಒಂದು ರೂಪಾಯಿಯೂ ಸಿಗುವುದಿಲ್ಲ. ನಮ್ಮ ಓಣಿ ಅಜ್ಜಂದಿರ ಕಾಲದಿಂದ ಇದ್ದರೂ ಆ ರಿಜಿಸ್ಟರಿನಲ್ಲಿ ಇರಲಿಲ್ಲ. ಆದ್ದರಿಂದ ಯಾರೇ ಹೊರಡುವುದಿದ್ದರೂ, ನಕ್ಷೆ ಬರೆಸುವ ಮುನ್ನ, ಹಣ ಕೂಡಿಸುವ ಮುನ್ನ, ಆಸ್ತಿ ರಿಜಿಸ್ಟರನ್ನು ತೆರೆಸಿ ನೋಡಿ.

ಅರ್ಜಿಗಳನ್ನು ನಾವು ಕನ್ನಡದಲ್ಲಿಯೇ ಬರೆದೆವು. ಒಂದು ಕಚೇರಿಯಲ್ಲಿ ಅದನ್ನು ಮಲಯಾಳದಲ್ಲಿ ಬರೆದು ತನ್ನಿ ಎಂದು ಹಿಂದಕ್ಕೆ ಕೊಟ್ಟರು. ಭಾಷಾ ಅಲ್ಪಸಂಖ್ಯಾತ ಪ್ರದೇಶಗಳೆಂದು ಘೋಷಿತವಾದ ಕಡೆ ಕನ್ನಡಿಗರು ಮತ್ತು ತಮಿಳರು ಸ್ಥಳೀಯ ಸರ್ಕಾರಿ ಕಚೇರಿಗಳೊಂದಿಗೆ ತಮ್ಮ ಭಾಷೆಯಲ್ಲಿ ವ್ಯವಹರಿಸಬಹುದು, ಉತ್ತರವನ್ನೂ ಅದೇ ಭಾಷೆಯಲ್ಲಿ ಪಡೆಯಬಹುದು ಎಂದು 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಹೇಳುತ್ತದೆ. ಆ ಭಾಗದ ಪ್ರತಿಯನ್ನು ಅರ್ಜಿಗೆ ಲಗತ್ತಿಸಿ, ಜಗಳವಾಡದೆ, ಟಪಾಲು ವಿಭಾಗದಲ್ಲಿ ಕೊಟ್ಟು ರಶೀದಿ ಪಡೆದೆವು. ಉತ್ತರ ಕನ್ನಡದಲ್ಲಿ ಬಂತು. ಹಿರಿಯ ಸದಸ್ಯರೊಬ್ಬರು ಆ ಕಾಗದವನ್ನು ಎರಡು ಸಲ ಓದಿಸಿ ಕೇಳಿದ್ದು ನನಗೆ ನೆನಪಿದೆ. ಆದರೂ ಇಂಜಿನಿಯರಿಂಗ್ ವಿಭಾಗದ ಎಸ್ಟಿಮೇಟ್, ಸಾಫ್ಟ್‌ವೇರಿಗೆ ಏರಿಸುವ ಯೋಜನಾ ವಿವರಗಳು ಮಲಯಾಳ ಅಥವಾ ಇಂಗ್ಲಿಷಿನಲ್ಲೇ ಇರುತ್ತವೆಯಾದ್ದರಿಂದ, ಸಂಘದ ಸಮಿತಿಯಲ್ಲಿ ಮಲಯಾಳ ಓದಬಲ್ಲ ಒಬ್ಬರಾದರೂ ಇರುವುದು ಒಳ್ಳೆಯದು.

ಯೋಜನೆಯ ಪಟ್ಟಿಗೆ ಸೇರಬೇಕಾದರೆ ಗ್ರಾಮ ಸಭೆಯಲ್ಲಿ ವಿಷಯ ಬರಬೇಕು. ಮೂರು ತಿಂಗಳಿಗೊಮ್ಮೆಯಾದರೂ ಗ್ರಾಮ ಸಭೆ ಸೇರಬೇಕೆಂದೂ, ವಾರ್ಡಿನ ಮತದಾರರಲ್ಲಿ ಶೇಕಡಾ 10ರಷ್ಟು ಮಂದಿ ಹಾಜರಿರಬೇಕೆಂದೂ ನಿಯಮವಿದೆ. ನಾವು ಮನೆಮನೆಗೆ ಹೋಗಿ ಜನರನ್ನು ಕರೆತಂದೆವು, ಅದರಲ್ಲೂ ಕುಟುಂಬಶ್ರೀಯ ಹೆಂಗಸರು ಮುಂದಿನ ಸಾಲಿನಲ್ಲಿ ಕುಳಿತರು. ಅಲ್ಲಿಂದ ಕಾರ್ಯಗುಂಪು, ಅಭಿವೃದ್ಧಿ ಸೆಮಿನಾರ್, ಪಂಚಾಯತು ಆಡಳಿತ ಸಮಿತಿ, ಕೊನೆಗೆ ಜಿಲ್ಲಾ ಯೋಜನಾ ಸಮಿತಿಯ ಅಂಗೀಕಾರ. ಈ ಮೆಟ್ಟಿಲುಗಳಲ್ಲಿ ಯಾವುದನ್ನೂ ಹಾರಿಸಲಾಗದು, ಪ್ರತಿಯೊಂದಕ್ಕೂ ಅದರದೇ ಆದ ಕಾಲವಿದೆ. ಠರಾವಿನಲ್ಲಿ ‘ರಸ್ತೆ ಅಭಿವೃದ್ಧಿ’ ಎಂದು ಬರೆಯಲು ಹೊರಟಿದ್ದನ್ನು ತಡೆದು ‘ನಡೆದಾಡುವ ಮತ್ತು ಸೈಕಲಿನ ದಾರಿ’ ಎಂದೇ ಬರೆಸಿದೆವು. ಹಾಗೆ ಬರೆಸದೆ ಹೋಗಿದ್ದರೆ ಮುಂದಿನ ಒಪ್ಪಿಗೆಗಳಲ್ಲಿ ಒಂದೂ ಸಿಗುತ್ತಿರಲಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಎಲ್ಲಕ್ಕಿಂತ ಹೆಚ್ಚು ಕಾಲ ಹಿಡಿದದ್ದು, ಮನಸ್ಸನ್ನು ಹೆಚ್ಚು ಹಣ್ಣು ಮಾಡಿದ್ದು ಈ ಒಪ್ಪಿಗೆ ಪತ್ರಗಳೇ. ಖಾಸಗಿ ಹಿತ್ತಿಲುಗಳ ಅಂಚಿನಲ್ಲಿ ಎರಡೂವರೆ ಮೀಟರ್ ಅಗಲದ ಜಾಗವನ್ನು ಮಾಲಕರು ಪಂಚಾಯತಿಗೆ ಉಚಿತವಾಗಿ ಬಿಟ್ಟುಕೊಡಬೇಕಿತ್ತು. ಸೆಂಟ್ಸ್ ಒಂದಕ್ಕೆ ಲಕ್ಷಗಳ ಮಾತಾಡುವ ಈ ಕಾಲದಲ್ಲಿ ಅದನ್ನು ಕೇಳುವುದಕ್ಕೇ ನಾಲಗೆ ತಡವರಿಸುತ್ತಿತ್ತು. ಆದರೆ ಹೆಚ್ಚಿನವರ ಅಳುಕು ಜಾಗದ ಬೆಲೆಯದಾಗಿರಲಿಲ್ಲ. ಪಂಚಾಯತ್‌ರಾಜ್ ಕಾಯ್ದೆಯ 220(ಬಿ) ಸೆಕ್ಷನಿನಂತೆ ರಾಷ್ಟ್ರೀಯ ಹೆದ್ದಾರಿ, ರಾಜ್ಯ ಹೆದ್ದಾರಿ, ಜಿಲ್ಲಾ ರಸ್ತೆ ಹಾಗೂ ಪಂಚಾಯತು ಅಧಿಸೂಚನೆ ಹೊರಡಿಸಿದ ರಸ್ತೆಗಳ ಗಡಿಯಿಂದ 3 ಮೀಟರ್ ಒಳಗೆ ಆವರಣ ಗೋಡೆಯ ಹೊರತು ಬೇರೇನನ್ನೂ ಕಟ್ಟುವಂತಿಲ್ಲ. ಎರಡೂವರೆ ಮೀಟರ್ ಬಿಟ್ಟುಕೊಟ್ಟು, ಅದರಾಚೆ ಇನ್ನೂ 3 ಮೀಟರಿನಲ್ಲಿ ಕಟ್ಟಲಾಗದೆ ಹೋದರೆ ಹತ್ತು ಸೆಂಟ್ಸ್‌ನ ಜಾಗದಲ್ಲಿ ಮಗನಿಗೊಂದು ಮನೆ ಕಟ್ಟುವುದು ಎಲ್ಲಿ ಎಂದು ಅವರು ಕೇಳಿದ್ದು ನ್ಯಾಯವೇ ಆಗಿತ್ತು. ಪಂಚಾಯತು ದಾರಿಯನ್ನು ಆಸ್ತಿ ರಿಜಿಸ್ಟರಿಗೆ ಸೇರಿಸುವುದು ಬೇರೆ, ಅದನ್ನು ಅಧಿಸೂಚಿತ ರಸ್ತೆಯೆಂದು ಘೋಷಿಸುವುದು ಬೇರೆ ಎಂಬುದನ್ನು ಆಡಳಿತ ಸಮಿತಿಯ ಠರಾವಿನಲ್ಲಿ ಸ್ಪಷ್ಟವಾಗಿ ಬರೆಸಿ, ಅದರ ದೃಢೀಕೃತ ಪ್ರತಿಯನ್ನು ಪ್ರತಿ ಮನೆಗೂ ಕೊಟ್ಟ ಮೇಲೆ ಮಾತು ಮುಂದುವರಿಯಿತು. ಅಧಿಸೂಚಿತವಲ್ಲದ ದಾರಿಗೂ ಕಟ್ಟಡ ನಿಯಮಗಳಂತೆ ಸ್ವಲ್ಪ ಜಾಗ ಬಿಡಬೇಕಾಗುತ್ತದೆ. ಅದನ್ನು ಮುಚ್ಚಿಡದೆ ಮೊದಲೇ ಹೇಳುವುದು ಲೇಸು.

ತೋಡಿನ ಹತ್ತಿರದ ಹಿತ್ತಿಲಿನ ಅಮ್ಮನವರು ಬಹಳ ಕಾಲ ಸಹಿ ಹಾಕಲಿಲ್ಲ. ಹೋದಾಗಲೆಲ್ಲ ಬೆಲ್ಲ ನೀರು ಕೊಟ್ಟು ಕೂರಿಸುತ್ತಿದ್ದರು, ವಿಷಯಕ್ಕೆ ಬಂದಾಗ ಮೌನವಾಗುತ್ತಿದ್ದರು. ಕೊನೆಗೊಂದು ಸಂಜೆ, “ನೋಡಿ ಮಗಾ, ನಡೆಯುವವರಿಗೆ ನಾನು ಯಾವತ್ತಾದರೂ ಬೇಡ ಅಂದದ್ದುಂಟಾ? ಇವತ್ತು ಸೈಕಲು ಅಂತೀರಿ, ನಾಳೆ ಲಾರಿ ಬರ್ತದೆ. ನನ್ನ ಬಾವಿ ದಾರಿಯ ಬದಿಯಲ್ಲೇ ಉಂಟು” ಎಂದರು. ದಾರಿಯ ಎರಡೂ ಬಾಯಿಗಳಲ್ಲಿ ವಾಹನ ತಡೆಯುವ ಕಂಬ ನೆಡುತ್ತೇವೆ, ಅದನ್ನು ಎಸ್ಟಿಮೇಟಿನಲ್ಲಿಯೇ ಸೇರಿಸುತ್ತೇವೆ ಎಂದು ನಾವು ಬರೆದುಕೊಟ್ಟೆವು. ಅವರ ಷರತ್ತನ್ನು ಒಪ್ಪಿಗೆ ಪತ್ರದಲ್ಲಿ ಅವರದೇ ಮಾತಿನಲ್ಲಿ ದಾಖಲಿಸಿದೆವು. ಜಾಗ ಕೊಡುವವರ ಷರತ್ತುಗಳನ್ನು ಬಾಯಿಮಾತಿಗೆ ಬಿಡಬೇಡಿ. ಪಂಚಾಯತಿನ ಮೆಂಬರ್ ಬದಲಾಗುತ್ತಾರೆ, ಸೆಕ್ರೆಟರಿಗೆ ವರ್ಗವಾಗುತ್ತದೆ, ಕಾಗದ ಉಳಿಯುತ್ತದೆ.

ಇನ್ನೊಂದು ಹಿತ್ತಿಲಿನ ಮಾಲಕರು ಗಲ್ಫಿನಲ್ಲಿದ್ದರು. ಫೋನಿನಲ್ಲಿ ಸಂತೋಷದಿಂದಲೇ ಒಪ್ಪಿದರು, ಆದರೆ ಫೋನಿನ ಒಪ್ಪಿಗೆ ಕಡತಕ್ಕೆ ಸಾಲದು. ಅವರು ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿದ ಮುಕ್ತಿಯಾರು ಪತ್ರವನ್ನು (ಪವರ್ ಆಫ್ ಅಟಾರ್ನಿ) ತಮ್ಮನ ಹೆಸರಿಗೆ ಕಳುಹಿಸಬೇಕಾಯಿತು. ಹೊರದೇಶದಲ್ಲಿ ಬರೆದ ಇಂಥ ಪತ್ರಕ್ಕೆ, ಅದು ಇಲ್ಲಿಗೆ ತಲುಪಿದ 3 ತಿಂಗಳೊಳಗೆ ಮುದ್ರಾಂಕ ಹಾಕಿಸಬೇಕೆಂಬ ನಿಯಮವಿದೆ. ಅದು ತಪ್ಪಿದರೆ ದಂಡದ ತಾಪತ್ರಯ. ಮತ್ತೊಬ್ಬರ ಜಾಗದ ಆಧಾರ (ಹಕ್ಕುಪತ್ರ) ಗೃಹಸಾಲಕ್ಕಾಗಿ ಬ್ಯಾಂಕಿನಲ್ಲಿತ್ತು. ಅಡವಿನಲ್ಲಿರುವ ಜಾಗದಿಂದ ಒಂದಡಿ ಬಿಟ್ಟುಕೊಡಬೇಕಾದರೂ ಬ್ಯಾಂಕಿನ ನಿರಾಕ್ಷೇಪಣಾ ಪತ್ರ ಬೇಕು, ಆ ಪತ್ರಕ್ಕೆ ಶಾಖೆಯಿಂದ ಮೇಲಿನ ಕಚೇರಿಗೆ ಕಡತ ಹೋಗಿ ಬರುವಷ್ಟರಲ್ಲಿ ಒಂದು ಮಳೆಗಾಲವೇ ಕಳೆದುಹೋಯಿತು. ಜಾಗ ಬಿಡುವವರು ಒಪ್ಪಿದ ದಿನವೇ ಅವರಿಂದ ತೀರ್ವೆ (ಭೂಕಂದಾಯ) ರಶೀದಿ, ಜಾಗದ ಆಧಾರದ ನಕಲು ಮತ್ತು ಸಾಲ ಉಂಟೋ ಇಲ್ಲವೋ ಎಂಬ ಮಾಹಿತಿ, ಈ ಮೂರನ್ನೂ ಕೇಳಿ ಪಡೆದುಕೊಳ್ಳಿ.

ಗದ್ದೆಯ ಭಾಗದಲ್ಲಿ ನಮ್ಮ ಆಸೆ ಪೂರ್ತಿ ಈಡೇರಲಿಲ್ಲ. 2008ರ ಕೇರಳ ಭತ್ತದ ಗದ್ದೆ ಮತ್ತು ಜೌಗು ಭೂಮಿ ಸಂರಕ್ಷಣಾ ಕಾಯ್ದೆಯಂತೆ ಡಾಟಾ ಬ್ಯಾಂಕಿನಲ್ಲಿ, ಅಂದರೆ ಗದ್ದೆಗಳ ಅಧಿಕೃತ ಪಟ್ಟಿಯಲ್ಲಿ, ಸೇರಿರುವ ಗದ್ದೆಯನ್ನು ಮಣ್ಣು ತುಂಬಿಸಿ ಪರಿವರ್ತಿಸುವಂತಿಲ್ಲ. ಬದುಗಳೂ ನೀರಿನ ಕಾಲುವೆಗಳೂ ಗದ್ದೆಯ ಭಾಗವೆಂದೇ ಲೆಕ್ಕ. ಸಾರ್ವಜನಿಕ ಉದ್ದೇಶಕ್ಕೆ ವಿನಾಯಿತಿ ಕೇಳಲು ಅವಕಾಶವಿದೆ, ಅದಕ್ಕೆ ಕೃಷಿ ಅಧಿಕಾರಿ ಸಂಚಾಲಕರಾಗಿರುವ ಸ್ಥಳೀಯ ನಿರೀಕ್ಷಣಾ ಸಮಿತಿಯ ಮುಂದೆ ಹೋಗಬೇಕು. ನಾವು ಕೃಷಿ ಭವನಕ್ಕೆ ಹೋಗಿ ವಿಚಾರಿಸಿದೆವು, ಗದ್ದೆ ಬೇಸಾಯ ಮಾಡುತ್ತಿರುವ ಎರಡು ಮನೆಯವರೊಂದಿಗೂ ಮಾತನಾಡಿದೆವು. ಕಟ್ಟಪುಣಿಯನ್ನು ಅಗಲ ಮಾಡಿದರೆ ನೀರು ಹರಿಯುವ ದಿಕ್ಕು ತಪ್ಪುತ್ತದೆ ಎಂದು ಅವರು ಸ್ಥಳದಲ್ಲೇ ತೋರಿಸಿಕೊಟ್ಟರು. ಈ ಊರಿನಲ್ಲಿ ಉಳಿದಿರುವ ಗದ್ದೆಯೇ ಅಷ್ಟು. ಅದನ್ನು ತುಂಬಿಸಿ ನಮ್ಮ ದಾರಿ ಆಗುವುದು ಬೇಡವೆಂದು ನಮ್ಮ ಸಂಘದ ಸಮಿತಿ ತೀರ್ಮಾನಿಸಿತು, ಆ ತೀರ್ಮಾನದ ಪರವಾಗಿ ನಾನೂ ಮಾತನಾಡಿದೆ. ಈಗ ಆ ಭಾಗದಲ್ಲಿ ಕಟ್ಟಪುಣಿ ಇದ್ದ ಹಾಗೆಯೇ ಇದೆ. ಸೈಕಲಿನವರು ಇಳಿದು ತಳ್ಳಿಕೊಂಡು ಹೋಗುತ್ತಾರೆ, ಗಾಲಿಕುರ್ಚಿಯವರು ತೋಡಿನ ಬದಿಯಾಗಿ ಅಂಗನವಾಡಿಯ ರಸ್ತೆಗೆ ಸುತ್ತಿ ಬರುತ್ತಾರೆ.

ದಾರಿಯ ಅಳತೆಯ ವಿಷಯದಲ್ಲಿ ಸುಮ್ಮನೆ ‘ಸಾಕಷ್ಟು ಅಗಲ’ ಎನ್ನದೆ ಅಂಕಿ ಹಿಡಿದು ಮಾತನಾಡಿದ್ದು ಫಲ ಕೊಟ್ಟಿತು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಪಾದಚಾರಿ ಸೌಕರ್ಯಗಳ ಮಾರ್ಗಸೂಚಿಯಂತೆ ನಡೆಯುವ ದಾರಿಗೆ ಯಾವ ಅಡ್ಡಿಯೂ ಇಲ್ಲದ 1.8 ಮೀಟರ್ ಅಗಲವಾದರೂ ಬೇಕು. ಓಣಿಯ ಅತಿ ಇಕ್ಕಟ್ಟಿನ ಜಾಗದಲ್ಲಿ ಅಷ್ಟು ಸಿಕ್ಕಿತು, ಉಳಿದೆಡೆ ಎರಡೂವರೆ. ಗಾಲಿಕುರ್ಚಿಯ ಇಳಿಜಾರು 12ಕ್ಕೆ 1ಕ್ಕಿಂತ ಕಡಿದಾಗಬಾರದು. ನಮ್ಮ ಓಣಿಯ ಕೆಳಭಾಗದಲ್ಲಿ ಸುಮಾರು 6 ಮೀಟರ್ ಇಳಿತವಿದೆ. ಅಂದರೆ 72 ಮೀಟರ್ ಉದ್ದದ ಇಳಿಜಾರು, ಅದರ ಮೇಲೆ ಪ್ರತಿ 9 ಮೀಟರಿಗೊಂದು ಸಮತಟ್ಟಾದ ನಿಲುಗಡೆ. ಈ ಲೆಕ್ಕವನ್ನು ಕಾಗದದಲ್ಲಿ ಬರೆದು ತೋರಿಸುವವರೆಗೂ ನೇರ ಮೆಟ್ಟಿಲೇ ಸಾಕೆನ್ನುವ ವಾದವಿತ್ತು. ಕೊನೆಗೆ ಎರಡನ್ನೂ ಮಾಡಿದೆವು: ಅವಸರದವರಿಗೆ ನೇರ ಮೆಟ್ಟಿಲು, ಅದರ ಬದಿಯಲ್ಲಿ ಸೈಕಲಿನ ಚಕ್ರ ಉರುಳಿಸಿಕೊಂಡು ಏರಲು ಅಂಗೈಯಗಲದ ಇಳಿಜಾರಿನ ಪಟ್ಟಿ, ಉಳಿದವರಿಗೆ ಪುರಂಬೋಕಿನ ಜಾಗದಲ್ಲೇ ಎರಡು ಮಡಿಕೆಯಾಗಿ ತಿರುಗಿ ಇಳಿಯುವ ದಾರಿ. ಅಮ್ಮನವರಿಗೆ ಮಾತು ಕೊಟ್ಟ ಕಂಬಗಳ ನಡುವೆ 1.2 ಮೀಟರ್ ಬಿಟ್ಟೆವು. ಗಾಲಿಕುರ್ಚಿಗೆ, ಸೈಕಲಿಗೆ, ಹೊರೆ ಹೊತ್ತವರಿಗೆ ಅದು ಧಾರಾಳ, ಆಟೋರಿಕ್ಷಾ 1.3 ಮೀಟರ್ ಅಗಲವಿರುವುದರಿಂದ ಅದು ಒಳಗೆ ಬರುವುದಿಲ್ಲ.

ಎಸ್ಟಿಮೇಟಿಗೆ ತಾಂತ್ರಿಕ ಮಂಜೂರಾತಿ ದೊರೆತು ಟೆಂಡರ್ ಕರೆಯುವ ಹೊತ್ತಿಗೆ 2025ರ ಡಿಸೆಂಬರಿನ ಸ್ಥಳೀಯಾಡಳಿತ ಚುನಾವಣೆ ಎದುರಾಯಿತು. ನೀತಿ ಸಂಹಿತೆ ಜಾರಿಯಾದ ದಿನದಿಂದ ಎಲ್ಲವೂ ನಿಂತಿತು. ಅದಕ್ಕಿಂತ ದೊಡ್ಡ ತೊಡಕೆಂದರೆ ವಾರ್ಡುಗಳ ಪುನರ್ವಿಂಗಡಣೆಯಲ್ಲಿ ನಮ್ಮ ದಾರಿಯ ಮೇಲ್ಭಾಗ ಒಂದು ವಾರ್ಡಿಗೂ ಕೆಳಭಾಗ ಇನ್ನೊಂದಕ್ಕೂ ಸೇರಿಹೋದದ್ದು. ಹೊಸ ಆಡಳಿತ ಸಮಿತಿ ಬಂದ ಮೇಲೆ ಇಬ್ಬರು ಹೊಸ ಮೆಂಬರುಗಳಿಗೂ ಕಡತವನ್ನು ಮೊದಲಿನಿಂದ ಓದಿ ತಿಳಿಸಿದೆವು. ಆ ವಾರಗಳಲ್ಲಿ ನಮ್ಮಲ್ಲಿ ಕೆಲವರು ಆಸೆಯನ್ನೇ ಬಿಟ್ಟಿದ್ದರು. ಮಾರ್ಚ್ 31ರೊಳಗೆ ಬಿಲ್ ಆಗದ ಕೆಲಸ ಮುಂದಿನ ವರ್ಷಕ್ಕೆ ಸರಿಯುತ್ತದೆ, ಸರಿದದ್ದಕ್ಕೆ ಹಣ ಹೊಂದಿಸುವುದು ಮತ್ತೊಂದು ಕಥೆ. ಇಬ್ಬರು ಮೆಂಬರುಗಳೂ ಪಕ್ಷ ಬೇರೆಯಾದರೂ ಒಟ್ಟಿಗೆ ಸೆಕ್ರೆಟರಿಯ ಕೋಣೆಗೆ ಬಂದದ್ದರಿಂದ ಜನವರಿಯಲ್ಲಿ ಕೆಲಸ ಶುರುವಾಯಿತು.

ಯೋಜನೆಯ ಹಣದಲ್ಲಿ ಸೇರದ ಖರ್ಚುಗಳು ಸಂಘದ ಮೇಲೆ ಬಿದ್ದವು. ಗಡಿ ಅಳೆಯಲು ಕರೆದ ಖಾಸಗಿ ಸರ್ವೆಯರಿಗೆ ಎಂಟು ಸಾವಿರ, ನಕಲು, ಮುದ್ರಾ ಕಾಗದ, ನೋಟರಿಗೆ ಐದಾರು ಸಾವಿರ; ದಾರಿಯ ನಡುವೆ ಇದ್ದ ವಿದ್ಯುತ್ ಕಂಬವನ್ನು ಸರಿಸಲು ವಿದ್ಯುತ್ ಮಂಡಳಿಯ ಸೆಕ್ಷನ್ ಆಫೀಸಿನ ಲೆಕ್ಕದಂತೆ ಮೊದಲೇ ಕಟ್ಟಬೇಕಾದ ಠೇವಣಿ ಇವೆಲ್ಲಕ್ಕಿಂತ ದೊಡ್ಡದು. ಕಂಬದ ಅರ್ಜಿಯನ್ನು ಕೆಲಸ ಆರಂಭವಾದ ಮೇಲೆ ಕೊಟ್ಟರಾಯಿತು ಎಂದುಕೊಳ್ಳಬೇಡಿ, ಎಸ್ಟಿಮೇಟ್ ಆಗುವಾಗಲೇ ಕೊಡಿ. ಒಡೆದು ಹಿಂದಕ್ಕೆ ಕಟ್ಟಿದ ಆವರಣ ಗೋಡೆಗಳ ಖರ್ಚನ್ನೂ ಸಂಘವೇ ಭರಿಸಿತು. ಜಾಗ ಬಿಟ್ಟವರಿಗೆ ಅದನ್ನೂ ಭರಿಸಿ ಎನ್ನುವುದು ಸರಿಯಲ್ಲ. ಹಳೆಯ ಕೆಂಪುಕಲ್ಲುಗಳಲ್ಲಿ ಹೆಚ್ಚಿನವನ್ನು ಜಾಗ್ರತೆಯಿಂದ ಬಿಡಿಸಿ ಮತ್ತೆ ಬಳಸಿದ್ದರಿಂದ ಸಾಕಷ್ಟು ಉಳಿತಾಯವಾಯಿತು.

ಕಾಂಕ್ರೀಟ್ ಹಾಕುವ ದಿನ ನಮ್ಮಲ್ಲಿ ಯಾರಾದರೊಬ್ಬರು ಸ್ಥಳದಲ್ಲಿ ಇರಲೇಬೇಕೆಂದು ನಿಶ್ಚಯಿಸಿದ್ದೆವು. ಮೇಸ್ತ್ರಿ ರೂಢಿಯಂತೆ ಮೇಲ್ಮೈಯನ್ನು ಕರಣೆಯಲ್ಲಿ ತಿಕ್ಕಿ ನಯ ಮಾಡಲು ಹೊರಟರು. ನಯವಾದ ಸಿಮೆಂಟಿನ ಮೇಲೆ ಮೊದಲ ಮಳೆಗೇ ಹಾವಸೆ ಹಿಡಿಯುತ್ತದೆ, ಜಾರಿ ಬಿದ್ದು ಸೊಂಟ ಮುರಿದುಕೊಂಡವರು ನಮ್ಮ ಪ್ರದೇಶದಲ್ಲೇ ಇದ್ದಾರೆ. ಆಗ ಕುಟುಂಬಶ್ರೀಯ ಅಕ್ಕನೊಬ್ಬರು ಮನೆಯಿಂದ ಹಿಡಿಸೂಡಿ (ಕಡ್ಡಿ ಪೊರಕೆ) ತಂದು, ಹಸಿ ಕಾಂಕ್ರೀಟಿನ ಮೇಲೆ ಒಂದು ಬದಿಯಿಂದ ಇನ್ನೊಂದು ಬದಿಗೆ ಎಳೆದು ತೋರಿಸಿದರು. ಗೀರುಗಳು ಸಾಲುಸಾಲಾಗಿ ಎದ್ದುನಿಂತವು, ಕಾಲಿಟ್ಟರೆ ಹಿಡಿತ ಸಿಗುತ್ತಿತ್ತು. ಮೇಸ್ತ್ರಿ ಅದನ್ನು ನೋಡಿ ಉಳಿದ ಭಾಗವನ್ನೆಲ್ಲ ಹಾಗೆಯೇ ಮಾಡಿಸಿದರು. ಸೂಡಿಯನ್ನು ಅಡ್ಡಕ್ಕೆ ಎಳೆಯಬೇಕು, ಉದ್ದಕ್ಕೆ ಎಳೆದರೆ ಇಳಿಜಾರಿನಲ್ಲಿ ಪ್ರಯೋಜನವಿಲ್ಲ. ನೀರು ನಿಲ್ಲದಂತೆ ಅಡ್ಡಕ್ಕೆ 50ಕ್ಕೆ 1ರಷ್ಟು ವಾಟವನ್ನೂ, ಗುಡ್ಡೆಯ ಬದಿಯಲ್ಲಿ ಚರಂಡಿಯನ್ನೂ ಕೊಟ್ಟಿದ್ದೇವೆ. ಗೋಣಿ ಹೊದೆಸಿ ನೀರುಣಿಸುವ ಕೆಲಸವನ್ನು ಮನೆಗಳವರು ಸರದಿಯಂತೆ ಮಾಡಿದರು.

ದಾರಿ ತೆರೆದ ಮೇಲೆ ಎರಡು ಸಮಸ್ಯೆಗಳು ಉಳಿದಿವೆ. ಕಂಬಗಳ ನಡುವೆ ಬೈಕುಗಳು ನುಸುಳುತ್ತವೆ. ಅದನ್ನು ಯಾವ ಅಳತೆಯಿಂದಲೂ ತಡೆಯಲಾಗದು, ಏಕೆಂದರೆ ಬೈಕನ್ನು ತಡೆಯುವಷ್ಟು ಇಕ್ಕಟ್ಟು ಮಾಡಿದರೆ ಗಾಲಿಕುರ್ಚಿ ನಿಂತುಬಿಡುತ್ತದೆ. ಸದ್ಯಕ್ಕೆ ಬೋರ್ಡು ಹಾಕಿದ್ದೇವೆ, ಬೈಕಿರುವ ಮನೆಗಳ ಹುಡುಗರೊಂದಿಗೆ ಕುಳಿತು ಮಾತನಾಡಿದ್ದೇವೆ, ಸ್ವಲ್ಪ ಕಡಿಮೆಯಾಗಿದೆ. ಎರಡನೆಯದು ಬೀದಿದೀಪ: ತೋಡಿನ ಬದಿಯಲ್ಲಿ ಕತ್ತಲಾದ ಮೇಲೆ ಹೆಂಗಸರು ನಡೆಯುವುದಿಲ್ಲ. ಅದರ ಬೇಡಿಕೆಯನ್ನು ಎರಡೂ ವಾರ್ಡುಗಳ ಮುಂದಿನ ಗ್ರಾಮ ಸಭೆಗಳಿಗೆ ಬರೆದುಕೊಟ್ಟಿದ್ದೇವೆ. ಪೊದೆ ಕಡಿಯಲು, ಚರಂಡಿ ಬಿಡಿಸಲು ಮೇ ಕೊನೆಯ ವಾರವನ್ನು ಗೊತ್ತುಮಾಡಿ, ಮನೆಗೊಬ್ಬರಂತೆ ಬರಬೇಕೆಂದು ಸಂಘದಲ್ಲಿ ಠರಾವಾಗಿದೆ.

ಒಪ್ಪಿಗೆ ಪತ್ರದ ಮಾದರಿ, ಷರತ್ತು ಬರೆದ ರೀತಿ, ಆಡಳಿತ ಸಮಿತಿಯ ಠರಾವಿನ ಪ್ರತಿ ಮತ್ತು ಇಳಿಜಾರಿನ ಲೆಕ್ಕದ ಹಾಳೆ ಸಂಘದ ಕಡತದಲ್ಲಿವೆ. ಪಕ್ಕದ ಪ್ರದೇಶದವರು ಈಗಾಗಲೇ ಅವುಗಳ ನಕಲು ಒಯ್ದು, ತಮ್ಮ ವಿಲೇಜ್ ಆಫೀಸಿನಲ್ಲಿ ನಕಾಶೆಗೆ ಅರ್ಜಿ ಹಾಕಿದ್ದಾರೆ.